ಎಂಜಿನ್ ಕೂರಿಸುವ ಮುನ್ನ ಗಾಳಿಗೆ ದಾರಿ

ಹಳೆಯ ಕಾರಿಗೆ ಬೇರೆ ಎಂಜಿನ್ ಹಾಕಿಸಲು ಹೊರಟವರು ಮೊದಲು ಕೇಳುವುದು ಮೌಂಟಿಂಗ್ ಕೂರುತ್ತದೆಯೇ ಎಂದು. ಆಮೇಲೆ ಗೇರ್‌ಬಾಕ್ಸ್, ಪ್ರೊಪೆಲ್ಲರ್ ಶಾಫ್ಟಿನ ಉದ್ದ, ರೇಡಿಯೇಟರ್, ಸೈಲೆನ್ಸರ್ ಪೈಪು, ವೈರಿಂಗ್. ಇಷ್ಟೆಲ್ಲ ಮುಗಿದು, ಎಂಜಿನ್ ಮೊದಲ ಸಲ ಸ್ಟಾರ್ಟ್ ಆಗಿ, ಗ್ಯಾರೇಜಿನಲ್ಲಿದ್ದವರ ಮುಖವೆಲ್ಲ ಅರಳಿದ ಮೇಲೆ ಯಾರಿಗೋ ಏರ್ ಫಿಲ್ಟರ್ ನೆನಪಾಗುತ್ತದೆ. ಅಷ್ಟು ಹೊತ್ತಿಗೆ ಬಾನೆಟ್ ಕೆಳಗೆ ಖಾಲಿ ಉಳಿದಿರುವುದು ಎಕ್ಸಾಸ್ಟ್ ಮ್ಯಾನಿಫೋಲ್ಡ್ ಪಕ್ಕದ ಒಂದು ಮೂಲೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗುವಂಥ ಶಂಕುವಿನಾಕಾರದ ಬಯಲು ಫಿಲ್ಟರೊಂದನ್ನು ತಂದು ಥ್ರಾಟಲ್ ಬಾಯಿಗೆ ಕ್ಲ್ಯಾಂಪ್ ಹಾಕಿ ಬಿಗಿಯುತ್ತಾರೆ. ಆಕ್ಸಿಲರೇಟರ್ ಒತ್ತಿದಾಗ ಗುಯ್‌ಗುಟ್ಟುವ ಸದ್ದು ಬರುತ್ತದೆ, ಕಾರು ಜೋರಾಗಿ ಎಳೆಯುತ್ತಿದೆ ಎಂದೂ ಅನ್ನಿಸುತ್ತದೆ.

ಆ ಸದ್ದನ್ನು ನಂಬಬೇಡಿ. ಗಾಳಿ ಎಂಜಿನ್ನಿಗೆ ಯಾವ ದಾರಿಯಲ್ಲಿ ಬರಬೇಕೆಂಬುದನ್ನು ಮೌಂಟಿಂಗ್ ವೆಲ್ಡ್ ಮಾಡುವ ಮುನ್ನವೇ ಗೊತ್ತುಮಾಡಿಕೊಳ್ಳಬೇಕು. ಎಂಜಿನ್ ಎರಡು ಇಂಚು ಹಿಂದೆ ಕೂರಬೇಕೋ ಮುಂದೆ ಕೂರಬೇಕೋ, ರೇಡಿಯೇಟರ್ ಎಲ್ಲಿ ನಿಲ್ಲಬೇಕು, ಎಕ್ಸಾಸ್ಟ್ ಯಾವ ಕಡೆಯಿಂದ ಇಳಿಯಬೇಕು ಎಂಬ ಎಲ್ಲ ಪ್ರಶ್ನೆಗಳಿಗೂ ಈ ದಾರಿಯ ನಂಟಿದೆ. ಕೊನೆಗೆ ಉಳಿದ ಮೂಲೆಯಲ್ಲಿ ಅದನ್ನು ತುರುಕಿದರೆ, ಹೊಸ ಎಂಜಿನ್ನಿಗೆ ಸುರಿದ ಹಣದ ಒಂದು ಪಾಲು ಶಾಖದಲ್ಲೇ ಕಳೆದುಹೋಗುತ್ತದೆ.

ಎಷ್ಟು ಕಳೆದುಹೋಗುತ್ತದೆ ಎಂಬ ಲೆಕ್ಕ ಕಷ್ಟದ್ದಲ್ಲ. ಎಂಜಿನ್ನಿಗೆ ಬೇಕಾದದ್ದು ಗಾಳಿಯಲ್ಲಿರುವ ಆಮ್ಲಜನಕ. ಒಂದು ಕಿಲೋ ಪೆಟ್ರೋಲ್ ಸರಿಯಾಗಿ ಉರಿಯಲು ಹೆಚ್ಚುಕಡಿಮೆ 14.7 ಕಿಲೋ ಗಾಳಿ ಬೇಕು. ಸಿಲಿಂಡರಿನ ಅಳತೆ ಬದಲಾಗುವುದಿಲ್ಲ. ಒಳಗೆ ಬರುವ ಗಾಳಿಯ ಸಾಂದ್ರತೆ ಮಾತ್ರ ಬದಲಾಗುತ್ತದೆ. ಹೊರಗೆ 30 ಡಿಗ್ರಿ ಸೆಲ್ಸಿಯಸ್ ಇದ್ದಾಗ ಬಾನೆಟ್ ಒಳಗಿನ 60 ಡಿಗ್ರಿಯ ಗಾಳಿಯನ್ನು ಎಂಜಿನ್ ಎಳೆದುಕೊಂಡರೆ, ಅದೇ ಜಾಗದಲ್ಲಿ ಶೇ 9ರಷ್ಟು ಕಡಿಮೆ ಗಾಳಿ ತುಂಬಿರುತ್ತದೆ. ಹಾಗೆಂದು ಶಕ್ತಿ ಶೇ 9ರಷ್ಟು ಇಳಿಯುವುದಿಲ್ಲ. ತಣ್ಣನೆಯ ಗಾಳಿಯೂ ಒಳಗೆ ಹೋಗುವಾಗ ಕಾದ ಪೋರ್ಟು, ವಾಲ್ವುಗಳಿಗೆ ತಾಗಿ ಸ್ವಲ್ಪ ಬಿಸಿಯಾಗಿಯೇ ಬಿಡುತ್ತದೆ. ಎಂಜಿನ್ ಪರೀಕ್ಷೆಗೆ ಬಳಸುವ ಎಸ್‌ಎಇ ಮಾನದಂಡ ತಾಪಮಾನದ ವರ್ಗಮೂಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಇದೇ ಕಾರಣಕ್ಕೆ. ಆ ಲೆಕ್ಕದಲ್ಲಿ ನಷ್ಟ ಶೇ 4.5ರ ಆಸುಪಾಸು. 75 ಅಶ್ವಶಕ್ತಿಯ ಎಂಜಿನ್ನಿನಲ್ಲಿ ಮೂರಕ್ಕಿಂತ ತುಸು ಹೆಚ್ಚು.

ಮೂರು ಅಶ್ವಶಕ್ತಿಗೆ ಇಷ್ಟೊಂದು ಮಾತೇ ಎನ್ನಿಸಬಹುದು. ಆದರೆ ಇನ್ನೊಂದು ಸಂಗತಿಯೂ ಇದೆ. ಬಿಸಿ ಗಾಳಿ ಒಳಗೆ ಹೋದರೆ ಎಂಜಿನ್ ಕುಟ್ಟಲು ಶುರುಮಾಡುವ ಸಾಧ್ಯತೆ ಹೆಚ್ಚು. ಇಂದಿನ ಫ್ಯುಯೆಲ್ ಇಂಜೆಕ್ಷನ್ ಎಂಜಿನ್‌ಗಳಲ್ಲಿ ಗಾಳಿಯ ತಾಪಮಾನ ನೋಡುವ ಸೆನ್ಸರ್ ಇರುತ್ತದೆ. ಅದು ಬಿಸಿ ಕಂಡರೆ ಎಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಯು, ಇಗ್ನಿಷನ್ ಟೈಮಿಂಗನ್ನು ಹಿಂದಕ್ಕೆ ಎಳೆಯುತ್ತದೆ. ಆಗ ನಷ್ಟ ಈ ಲೆಕ್ಕವನ್ನೂ ಮೀರುತ್ತದೆ. ಬೇಸಗೆಯಲ್ಲಿ ಸಿಗ್ನಲ್‌ನಲ್ಲಿ ನಿಂತು ಹೊರಟಾಗ ಹೊಸ ಎಂಜಿನ್ನಿನ ಪಿಕಪ್ ಸತ್ತಂತಿದ್ದರೆ ಮೆಕ್ಯಾನಿಕ್ ಪ್ಲಗ್, ಪಂಪು, ಇಂಜೆಕ್ಟರ್ ಎಲ್ಲ ಬಿಚ್ಚಿ ನೋಡುತ್ತಾನೆ. ಫಿಲ್ಟರ್ ಎಲ್ಲಿ ಕೂತಿದೆ ಎಂಬುದನ್ನೂ ಒಮ್ಮೆ ನೋಡಬೇಕು.

ಗಾಳಿಯ ದಾರಿಯೇ ಇಡೀ ಕಾರಿನ ರೂಪವನ್ನು ನಿರ್ಧರಿಸಿದ ಒಂದು ಒಳ್ಳೆಯ ಉದಾಹರಣೆ ಇಂಗ್ಲೆಂಡಿನಲ್ಲಿದೆ. ಎಂಜಿಬಿ ಎಂಬ ಪುಟ್ಟ ಸ್ಪೋರ್ಟ್ಸ್ ಕಾರು 1962ರಲ್ಲಿ ಬಂತು. ಅದರಲ್ಲಿದ್ದದ್ದು 1798 ಸಿಸಿಯ ಬಿಎಂಸಿ ಬಿ-ಸೀರೀಸ್ ಎಂಜಿನ್. ಇದೇ ಬಿ-ಸೀರೀಸ್ ಮನೆತನದ 1489 ಸಿಸಿ ಎಂಜಿನ್ ನಮ್ಮ ಅಂಬಾಸಿಡರಿನಲ್ಲಿ ದಶಕಗಟ್ಟಲೆ ಓಡಿತು, ಹಾಗಾಗಿ ನಮ್ಮ ಹಳೆಯ ಮೆಕ್ಯಾನಿಕ್‌ಗಳಿಗೆ ಎಂಜಿಬಿಯ ಎಂಜಿನ್ ಪೂರ್ತಿ ಅಪರಿಚಿತವೇನಲ್ಲ. 1970ರ ಆಸುಪಾಸಿನಲ್ಲಿ ಕೆನ್ ಕಾಸ್ಟೆಲೊ ಎಂಬ ರೇಸ್ ಚಾಲಕ ಈ ಕಾರಿನ ನಾಲ್ಕು ಸಿಲಿಂಡರ್ ಎಂಜಿನ್ ಇಳಿಸಿ ರೋವರ್ ಕಂಪನಿಯ 3528 ಸಿಸಿ ವಿ8 ಕೂರಿಸತೊಡಗಿದರು. ಆ ವಿ8 ಮೂಲತಃ ಅಮೆರಿಕದ ಬ್ಯೂಕ್ ಕಂಪನಿಯದು. ಅಲ್ಯೂಮಿನಿಯಂನದ್ದಾದ್ದರಿಂದ ಸಿಲಿಂಡರ್ ಎರಡರಷ್ಟಾದರೂ ಎರಕದ ಕಬ್ಬಿಣದ ಹಳೆಯ ಎಂಜಿನ್ನಿಗಿಂತ ಬಹಳ ಭಾರವೇನೂ ಇರಲಿಲ್ಲ. ಅಗಲದಲ್ಲಿ ಅದು ಹಿಡಿಸಿತು. ಅಡ್ಡ ಬಂದದ್ದು ಎತ್ತರ. ರೋವರ್ ಕಾರಿನಲ್ಲಿ ಎರಡು ಎಸ್‌ಯು ಕಾರ್ಬುರೇಟರ್‌ಗಳು ಎಂಜಿನ್ನಿನ ನೆತ್ತಿಯ ಮೇಲೆ ಕೂತಿರುತ್ತಿದ್ದವು. ಎಂಜಿಬಿಯ ಬಾನೆಟ್ ಅಷ್ಟು ಎತ್ತರ ಇರಲಿಲ್ಲ. ಕಾಸ್ಟೆಲೊ ಬಾನೆಟ್ಟಿನ ಮೇಲೆ ಒಂದು ಉಬ್ಬು ಮಾಡಿದರು. ಆ ಉಬ್ಬು ಅವರ ಕಾರುಗಳ ಗುರುತೇ ಆಯಿತು.

ಎಂಜಿಯ ಮಾಲೀಕ ಕಂಪನಿ ಬ್ರಿಟಿಷ್ ಲೇಲ್ಯಾಂಡ್ ತಾನೇ ಅಂಥ ಕಾರು ಮಾಡಲು ಹೊರಟಾಗ ಎಂಜಿ ಕಾರ್ಖಾನೆಯ ಎಂಜಿನಿಯರ್‌ಗಳು ಬಾನೆಟ್ ಮುಟ್ಟಲಿಲ್ಲ. ಕಾರ್ಬುರೇಟರ್‌ಗಳನ್ನೇ ನೆತ್ತಿಯಿಂದ ಇಳಿಸಿ, ಎಂಜಿನ್ನಿನ ಹಿಂಭಾಗಕ್ಕೆ, ಫೈರ್‌ವಾಲ್ ಹತ್ತಿರಕ್ಕೆ ಸರಿಸಿ, ಅಲ್ಲಿಂದ ಮ್ಯಾನಿಫೋಲ್ಡಿಗೆ ಗಾಳಿ ಒಯ್ಯಲು ಬೇರೆಯೇ ಎರಕದ ಭಾಗವೊಂದನ್ನು ಮಾಡಿಸಿದರು. ಕಾರ್ಬುರೇಟರ್ ಹಿಂದೆ ಹೋದ ಮೇಲೆ ಏರ್ ಕ್ಲೀನರಿನ ಬಾಯಿ ಮುಂದಕ್ಕೆ ಬರಬೇಕಲ್ಲ. ಎಂಜಿನ್ನಿನ ಎರಡೂ ಪಕ್ಕಕ್ಕೆ ಒಂದೊಂದು ಉದ್ದನೆಯ ಕೊಳವೆ ಹಾಕಿದರು. 1973ರಲ್ಲಿ ಮಾರುಕಟ್ಟೆಗೆ ಬಂದ ಎಂಜಿಬಿ ಜಿಟಿ ವಿ8 ಹೊರಗಿನಿಂದ ನೋಡಿದರೆ ಮಾಮೂಲಿ ಎಂಜಿಬಿಯಂತೆಯೇ ಕಾಣುತ್ತಿತ್ತು. 1976ರವರೆಗೆ ಸುಮಾರು 2,600 ಕಾರುಗಳು ತಯಾರಾದವು. ಒಂದೇ ಎಂಜಿನ್, ಒಂದೇ ಕಾರು; ಗಾಳಿಗೆ ಎರಡು ಬೇರೆ ದಾರಿ. ನನಗೆ ಕಾರ್ಖಾನೆಯ ದಾರಿಯೇ ಹೆಚ್ಚು ಇಷ್ಟ. ಅವರು ಇರುವ ಬಾನೆಟ್ಟನ್ನು ಗೌರವಿಸಿ, ಅದರೊಳಗೆ ಯಾವುದು ಎಲ್ಲಿರಬೇಕೆಂದು ಮೊದಲೇ ಕೂತು ಯೋಚಿಸಿದರು.

ಆ ಕೊಳವೆಗಳ ತುದಿಯಲ್ಲಿ ಶಾಖಕ್ಕೆ ಬಾಗುವ ಲೋಹದ ಪಟ್ಟಿಯೊಂದರಿಂದ ತೆರೆದು ಮುಚ್ಚುವ ಕವಾಟಗಳಿದ್ದವು. ಹೊರಗೆ ಚಳಿ ಇದ್ದರೆ ಎಕ್ಸಾಸ್ಟ್ ಬಳಿಯ ಬೆಚ್ಚಗಿನ ಗಾಳಿ, ಇಲ್ಲದಿದ್ದರೆ ತಣ್ಣನೆಯದು. ಇದು ಯಾಕೆಂದರೆ, ಕಾರ್ಬುರೇಟರಿನೊಳಗೆ ಪೆಟ್ರೋಲ್ ಆವಿಯಾಗುವಾಗ ಶಾಖ ಹೀರುತ್ತದೆ. ಹೊರಗಿನ ಗಾಳಿ ತೇವವಾಗಿ, ಚಳಿಯೂ ಇದ್ದರೆ ಗಂಟಲಲ್ಲಿ ಹಿಮ ಕಟ್ಟುತ್ತದೆ. ಇಂಗ್ಲೆಂಡಿನ ಚಳಿಗಾಲಕ್ಕೆ ಇಂಥ ಕವಾಟ ಬೇಕೇ ಬೇಕು. ನಮ್ಮ ಬಯಲುಸೀಮೆಯಲ್ಲಿ ಅದರ ಅಗತ್ಯವಿಲ್ಲ. ಕೊಡಗಿನ ಡಿಸೆಂಬರ್ ಬೆಳಗಿನಲ್ಲಿ ಕಾರ್ಬುರೇಟರ್ ಕಾರು ಓಡಿಸುವವರು ಮಾತ್ರ ಗಮನದಲ್ಲಿಟ್ಟುಕೊಳ್ಳಬಹುದು. ಇಂಜೆಕ್ಷನ್ ಎಂಜಿನ್ ಆದರೆ ಈ ಚಿಂತೆಯೇ ಬೇಡ.

ಅಂಬಾಸಿಡರಿನ ವಿಷಯಕ್ಕೆ ಬರೋಣ. ನಮ್ಮಲ್ಲಿ ಅತಿ ಹೆಚ್ಚು ಎಂಜಿನ್ ಬದಲಾವಣೆ ಕಂಡ ಕಾರುಗಳಲ್ಲಿ ಅದೂ ಒಂದು. ಡೀಸೆಲ್ ಅಗ್ಗವಿದ್ದ ದಿನಗಳಲ್ಲಿ ಎಷ್ಟೋ ಪೆಟ್ರೋಲ್ ಅಂಬಾಸಿಡರ್‌ಗಳಿಗೆ ಮಟಡಾರ್ ಎಂಜಿನ್ ಕೂರಿಸಲಾಯಿತು. ತೊಂಬತ್ತರ ದಶಕದ ಆರಂಭದಲ್ಲಿ ಹಿಂದುಸ್ತಾನ್ ಮೋಟರ್ಸ್ ತಾನೇ ಇಸುಜು ಮೂಲದ 1817 ಸಿಸಿ ಪೆಟ್ರೋಲ್ ಎಂಜಿನ್ನನ್ನು, ಐದು ಗೇರುಗಳ ಸಮೇತ, ಅದೇ ಹಳೆಯ ಬಾಡಿಯೊಳಗೆ ಇಟ್ಟಿತು. ಅದಕ್ಕೂ ಮುಂಚೆ ಅದೇ ಕಂಪನಿಯ ಕಾಂಟೆಸಾ ಕಾರಿಗೆ ಇಂಥದೇ ಬದಲಾವಣೆ ಆಗಿತ್ತು. ಈಗ ಹಳೆಯ 1489 ಸಿಸಿ ಕಾರನ್ನು ಇಟ್ಟುಕೊಂಡು ಇಸುಜು ಎಂಜಿನ್ನಿಗಾಗಿ ಗುಜರಿ ಅಂಗಡಿಗಳನ್ನು ಅಲೆಯುವವರಿದ್ದಾರೆ.

ಅವರು ಒಂದು ಮಾತು ತಿಳಿದಿರಬೇಕು. ಬಿ-ಸೀರೀಸ್ ಎಂಜಿನ್ನಿನಲ್ಲಿ ಗಾಳಿ ಒಳಗೆ ಹೋಗುವುದೂ ಹೊಗೆ ಹೊರಗೆ ಬರುವುದೂ ಒಂದೇ ಪಕ್ಕದಿಂದ. ಕಾರ್ಬುರೇಟರ್ ಕೂತಿರುವುದು ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಮೇಲೆಯೇ. ಪೆಟ್ರೋಲ್ ಚೆನ್ನಾಗಿ ಆವಿಯಾಗಲೆಂದು ಬೇಕೆಂದೇ ಮಾಡಿದ ವ್ಯವಸ್ಥೆ ಅದು. ಬಾನೆಟ್ ಕೆಳಗೆ ಏನು ಎಲ್ಲಿ ಎಂಬುದೆಲ್ಲ ಆ ಎಂಜಿನ್ನಿಗೆ ಒಪ್ಪುವ ಹಾಗೆ ಬೆಳೆದುಬಂದದ್ದು. ಬೇರೆ ಎಂಜಿನ್ ಬಂದಾಗ ಹೊಗೆಯ ಪಕ್ಕ ಯಾವುದು, ಗಾಳಿಯ ಪಕ್ಕ ಯಾವುದು, ಥ್ರಾಟಲ್ ಯಾವ ದಿಕ್ಕಿಗೆ ಬಾಯಿ ತೆರೆದಿದೆ ಎಂದು ಮೊದಲು ನೋಡಬೇಕು. ಮುಂದಿನ ಚಕ್ರ ತಿರುಗಿಸುವ ಕಾರಿನಲ್ಲಿ ಅಡ್ಡ ಕೂತಿದ್ದ ಎಂಜಿನ್ನನ್ನು ತಂದು ಉದ್ದಕ್ಕೆ ತಿರುಗಿಸಿ ಇಟ್ಟರೆ ಥ್ರಾಟಲ್ ಬಾಯಿ ಯಾವುದೋ ಗೋಡೆಗೆ ಮುಖಮಾಡಿ ನಿಲ್ಲಬಹುದು. ಅಲ್ಲಿ ಕೈ ತೂರದ ಜಾಗದಲ್ಲಿ ಪೈಪನ್ನು ಯೂ ತಿರುವು ಹಾಕಿಸಬೇಕಾಗುತ್ತದೆ.

ಗಾಳಿ ತೆಗೆದುಕೊಳ್ಳಲು ಹಳೆಯ ಕಾರಿನಲ್ಲಿ ಮೂರು ಒಳ್ಳೆಯ ಜಾಗಗಳಿವೆ. ರೇಡಿಯೇಟರಿನ ಪಕ್ಕದಲ್ಲಿ, ಗ್ರಿಲ್ ಹಿಂದೆ ಒಂದು. ಅದು ಸುಲಭ, ಎದುರು ಗಾಳಿಯೂ ಬರುತ್ತದೆ. ಆದರೆ ಕಾರು ನಿಂತಾಗ ರೇಡಿಯೇಟರ್ ದಾಟಿ ಹೋದ ಬಿಸಿ ಗಾಳಿ ಪಕ್ಕದ ಸಂದಿಗಳಿಂದ ಸುತ್ತಿ ಮುಂದಕ್ಕೆ ಬರುತ್ತದೆ. ಆ ಸಂದಿಗಳನ್ನು ರಬ್ಬರ್ ಪಟ್ಟಿಯಿಂದಲೋ ತಗಡಿನಿಂದಲೋ ಮುಚ್ಚದೆ ಫಿಲ್ಟರನ್ನು ಅಲ್ಲಿಟ್ಟು ಪ್ರಯೋಜನವಿಲ್ಲ. ಎರಡನೆಯದು ವಿಂಡ್‌ಶೀಲ್ಡಿನ ಬುಡ. ಓಡುವ ಕಾರಿನಲ್ಲಿ ಅಲ್ಲಿ ಗಾಳಿಯ ಒತ್ತಡ ಹೆಚ್ಚು, ಧೂಳು ಕಡಿಮೆ. ಅಮೆರಿಕದ ನ್ಯಾಸ್ಕಾರ್ ರೇಸ್ ಕಾರುಗಳು ಅಲ್ಲಿಂದಲೇ ಗಾಳಿ ಎಳೆಯುತ್ತಿದ್ದವು. 1969ರ ಶೆವ್ರೊಲೆ ಕ್ಯಾಮರೊಗೆ ಹಾಗೆ ಹಿಂದಕ್ಕೆ ಬಾಯಿ ತೆರೆದ ಬಾನೆಟ್ಟನ್ನೇ ಕೊಡುತ್ತಿದ್ದರು. ಎಂಜಿನ್ನಿನ ಥ್ರಾಟಲ್ ಹಿಂದಕ್ಕಿದ್ದರೆ ಇದಕ್ಕಿಂತ ಚಿಕ್ಕ ದಾರಿ ಬೇರೆ ಇಲ್ಲ. ಮಳೆನೀರು ಅಲ್ಲೇ ಇಳಿಯುವುದರಿಂದ ನೀರು ಬಸಿದುಹೋಗಲು ತೂತು ಮಾತ್ರ ಇರಲೇಬೇಕು.

ಮೂರನೆಯದು ಮಡ್‌ಗಾರ್ಡಿನ ಒಳಗೆ, ಹೆಡ್‌ಲೈಟಿನ ಹಿಂದಿನ ಟೊಳ್ಳು. ಅಂಬಾಸಿಡರಿನ ದುಂಡನೆಯ ಮಡ್‌ಗಾರ್ಡ್ ನೋಡಿದರೆ ಎಲ್ಲರ ಕಣ್ಣೂ ಮೊದಲು ಹೋಗುವುದು ಅಲ್ಲಿಗೆ. ಎಂಜಿನ್ ಶಾಖಕ್ಕೂ ಫಿಲ್ಟರಿಗೂ ನಡುವೆ ಉಕ್ಕಿನ ಗೋಡೆಯೇ ಇದೆ. ಆ ಗೋಡೆಯಲ್ಲಿ ತೂತು ಕೊರೆಯುವ ಮುನ್ನ ಒಂದು ವಿಷಯ ಗಮನಿಸಿ: ಅಂಬಾಸಿಡರಾಗಲಿ ಎಂಜಿಬಿಯಾಗಲಿ ಬೇರೆ ಚಾಸಿ ಇಲ್ಲದ, ಬಾಡಿಯೇ ಭಾರ ಹೊರುವ ಕಾರುಗಳು. ಪೆಟ್ಟಿಗೆಯಂತೆ ಮಡಚಿ ಬೆಸೆದ ಭಾಗಕ್ಕೆ ಕೈ ಹಾಕಬಾರದು. ಚಪ್ಪಟೆ ತಗಡಿನ ಭಾಗದಲ್ಲಿ ಮಾತ್ರ ಕೊರೆದು, ಅಂಚಿಗೆ ತುಕ್ಕು ಹಿಡಿಯದಂತೆ ಬಣ್ಣ ಹೊಡೆದು, ರಬ್ಬರ್ ಸುತ್ತು ಹಾಕಬೇಕು. ಚಕ್ರದ ಕಡೆಗೆ ಕೆಸರು ತಡೆಯುವ ತಗಡೂ ಬೇಕು.

ಎಲ್ಲಕ್ಕಿಂತ ಹೆಚ್ಚಾಗಿ, ಬಾಯಿ ಕೆಳಗಿರಬಾರದು. ತಣ್ಣನೆಯ ಗಾಳಿ ಸಿಗುತ್ತದೆಂದು ಬಂಪರ್ ಮಟ್ಟದಲ್ಲಿ ಫಿಲ್ಟರ್ ಇಡುವುದು ನಮ್ಮ ಮಳೆಗಾಲಕ್ಕೆ ಹೇಳಿಸಿದ್ದಲ್ಲ. 1.8 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್, ಕಂಪ್ರೆಷನ್ 8.5 ಇದೆ ಎಂದುಕೊಳ್ಳಿ. ಪಿಸ್ಟನ್ ಮೇಲಕ್ಕೆ ಬಂದಾಗ ಸಿಲಿಂಡರಿನಲ್ಲಿ ಉಳಿಯುವ ಜಾಗ ಬರೀ 60 ಮಿಲಿಲೀಟರ್, ಒಂದು ಬೈಟು ಕಾಫಿಯಷ್ಟು. ಅಷ್ಟಕ್ಕಿಂತ ಹೆಚ್ಚು ನೀರು ಒಳಗೆ ಹೋದರೆ, ನೀರು ಗಾಳಿಯಂತೆ ಕುಗ್ಗದ ಕಾರಣ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಬೆಂಗಳೂರಿನ ಅಂಡರ್‌ಪಾಸಿನಲ್ಲೋ ಕರಾವಳಿಯ ಜೂನ್ ತಿಂಗಳ ರಸ್ತೆಯಲ್ಲೋ ಒಂದು ಸಂಜೆ ಸಾಕು. ಹೆಡ್‌ಲೈಟಿನ ನಡುಮಟ್ಟಕ್ಕಿಂತ ಕೆಳಗೆ ಗಾಳಿಯ ಬಾಯಿ ಇಡಬೇಡಿ ಎಂದು ನಾನು ಯಾರಿಗಾದರೂ ಹೇಳುತ್ತೇನೆ.

ಎದುರು ಗಾಳಿ ತಾನಾಗಿ ಎಂಜಿನ್ನಿಗೆ ನುಗ್ಗಿ ಶಕ್ತಿ ಹೆಚ್ಚಿಸುತ್ತದೆ ಎಂಬ ನಂಬಿಕೆ ಬಹಳ ಗಟ್ಟಿಯಾಗಿದೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಆ ಗಾಳಿ ಕೊಡಬಲ್ಲ ಹೆಚ್ಚುವರಿ ಒತ್ತಡ ವಾತಾವರಣದ ಒತ್ತಡದ ಶೇ 0.5ಕ್ಕಿಂತಲೂ ಕಡಿಮೆ. ಮಂಗಳೂರಿನಿಂದ ಘಟ್ಟ ಹತ್ತಿ ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದ ಬೆಂಗಳೂರಿಗೆ ಬರುವಷ್ಟರಲ್ಲಿ ಗಾಳಿಯ ಒತ್ತಡ ಶೇ 10ರಷ್ಟು ಇಳಿದಿರುತ್ತದೆ. ಅದರ ಮುಂದೆ ಈ ಅರ್ಧ ಶೇಕಡಾ ಲೆಕ್ಕಕ್ಕೆ ಬರುವಂಥದ್ದಲ್ಲ. ಬಾನೆಟ್ ಮೇಲೆ ಮುಂದಕ್ಕೆ ತೆರೆದ ದೊಡ್ಡ ಬಾಯಿ ಕೊರೆಯುವುದು ಚಂದಕ್ಕಾದರೆ ಸರಿ, ಒತ್ತಡಕ್ಕೆಂದು ಬೇಡ.

ಇನ್ನು ಪೈಪಿನ ಅಳತೆ. ಅದೇ 1817 ಸಿಸಿ ಎಂಜಿನ್ 5000 ಆರ್‌ಪಿಎಂನಲ್ಲಿ ಪೂರ್ತಿ ಥ್ರಾಟಲ್ ತೆರೆದು ಓಡಿದರೆ ಸೆಕೆಂಡಿಗೆ ಸುಮಾರು 60 ಲೀಟರ್ ಗಾಳಿ ಎಳೆಯುತ್ತದೆ. 60 ಮಿ.ಮೀ. ಒಳವ್ಯಾಸದ ಪೈಪಿನಲ್ಲಿ ಆ ಗಾಳಿಯ ವೇಗ ಸೆಕೆಂಡಿಗೆ 21 ಮೀಟರ್, 50 ಮಿ.ಮೀ. ಆದರೆ 31 ಮೀಟರ್. ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಹತ್ತು ಮಿ.ಮೀ. ಕಡಿಮೆಯಾಯಿತೆಂದರೆ ತಡೆ ಎರಡು ಪಟ್ಟು. ತಿರುವು ಎಷ್ಟು ಚೂಪೋ ತಡೆ ಅಷ್ಟು ಹೆಚ್ಚು. ಒಳಗೆಲ್ಲ ಮಡಿಕೆಯಿರುವ ಬಳುಕುವ ಪೈಪನ್ನು ಉದ್ದಕ್ಕೂ ಎಳೆಯುವುದು ಸುಲಭವಾದರೂ ಅದರ ತಡೆ ನುಣುಪು ಪೈಪಿನದ್ದಕ್ಕಿಂತ ಹೆಚ್ಚು. ತೆಳು ರಬ್ಬರಿನದು ಎಳೆತಕ್ಕೆ ಒಳಗೇ ಕುಸಿಯುವುದೂ ಉಂಟು.

ಹಾಗಾದರೆ ದೂರದ ತಣ್ಣನೆಯ ಜಾಗದಿಂದ ಉದ್ದ ಪೈಪು ಹಾಕುವುದೋ, ಹತ್ತಿರದ ಬೆಚ್ಚನೆಯ ಜಾಗದಿಂದ ಚಿಕ್ಕದೋ? ಇದಕ್ಕೆ ಊಹೆ ಬೇಡ, ಅಳೆದು ತೀರ್ಮಾನಿಸಬಹುದು. ಪಾರದರ್ಶಕ ಟ್ಯೂಬನ್ನು ಯೂ ಆಕಾರಕ್ಕೆ ಬಗ್ಗಿಸಿ, ಬಣ್ಣದ ನೀರು ತುಂಬಿ, ಒಂದು ತುದಿಯನ್ನು ಥ್ರಾಟಲ್ ಮುಂದಿನ ಪೈಪಿಗೆ ಸಿಕ್ಕಿಸಿ. ಎಂಜಿನ್ ಜೋರಾಗಿ ಎಳೆಯುವಾಗ ಎರಡು ಬದಿಯ ನೀರಿನ ಮಟ್ಟದ ವ್ಯತ್ಯಾಸ 10 ಸೆಂ.ಮೀ. ಇದ್ದರೆ, ದಾರಿಯಲ್ಲಿ ಒತ್ತಡ ಹೆಚ್ಚುಕಡಿಮೆ ಶೇ 1 ಕಳೆದಿದೆ ಎಂದರ್ಥ. ಶಾಖದ ಲೆಕ್ಕದಲ್ಲಿ ಶೇ 1 ಶಕ್ತಿ ಎಂದರೆ 6 ಡಿಗ್ರಿ. ಅಂದರೆ ಉದ್ದ ಪೈಪಿನಿಂದ 10 ಸೆಂ.ಮೀ. ತಡೆ ಹೆಚ್ಚಿದರೂ ಗಾಳಿ 25 ಡಿಗ್ರಿ ತಣ್ಣಗಾದರೆ ಉದ್ದ ಪೈಪೇ ಲಾಭ. ಬರೀ 4 ಡಿಗ್ರಿ ತಣ್ಣಗಾದರೆ ಅಷ್ಟು ಶ್ರಮ ವ್ಯರ್ಥ. ಈ ಒಂದು ಲೆಕ್ಕ ಕೈಯಲ್ಲಿದ್ದರೆ ಗ್ಯಾರೇಜಿನ ಅರ್ಧ ವಾದಗಳು ಅಲ್ಲಿಗೇ ತೀರುತ್ತವೆ.

ಅಲ್ಯೂಮಿನಿಯಂ ಪೈಪು ಶಾಖ ಹೀರುತ್ತದೆ, ಪ್ಲಾಸ್ಟಿಕ್ಕೇ ಬೇಕು ಎಂಬ ವಾದಕ್ಕೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಜೋರಾಗಿ ಓಡುವಾಗ ಒಂದು ಮೀಟರ್ ಪೈಪನ್ನು ಗಾಳಿ ದಾಟುವುದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಲ್ಲಿ. ಅಷ್ಟರಲ್ಲಿ ಕಾಯಲು ಸಮಯವೆಲ್ಲಿದೆ? ಐಡ್ಲಿಂಗ್‌ನಲ್ಲಿ ನಿಂತಾಗ ಕಾಯುತ್ತದೆ, ನಿಜ. ಆದರೆ ಬಾಯಿ ಎಲ್ಲಿದೆ ಎಂಬುದು ಪೈಪಿನ ಲೋಹಕ್ಕಿಂತ ಎಷ್ಟೋ ದೊಡ್ಡ ಸಂಗತಿ. ಲೋಹದ ಪೈಪು ಹಾಕುವವರು ಮರೆಯಬಾರದ್ದು ಇನ್ನೊಂದು: ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಅಲುಗುತ್ತಿರುತ್ತದೆ, ಬಾಡಿ ಅಲುಗುವುದಿಲ್ಲ. ಎರಡಕ್ಕೂ ಬಿಗಿದ ಗಟ್ಟಿ ಪೈಪು ಕೆಲವೇ ದಿನಗಳಲ್ಲಿ ಬಿರುಕು ಬಿಡುತ್ತದೆ. ನಡುವೆ ಒಂದು ಬಳುಕುವ ಬೆಲ್ಲೋಸ್ ಬೇಕು, ಸುತ್ತ ಒಂದು ಇಂಚಿನಷ್ಟಾದರೂ ಖಾಲಿ ಜಾಗ ಬೇಕು. ಮೇಲಿನ ಜಾಗ ನೋಡಲು ಎಂಜಿನ್ನಿನ ಎತ್ತರದ ಭಾಗಗಳ ಮೇಲೆ ಮಕ್ಕಳು ಆಡುವ ಕ್ಲೇ ಉಂಡೆಗಳನ್ನಿಟ್ಟು ಬಾನೆಟ್ ಮೆಲ್ಲಗೆ ಮುಚ್ಚಿ ತೆಗೆಯಿರಿ. ಉಂಡೆ ಎಷ್ಟು ದಪ್ಪ ಉಳಿದಿದೆಯೋ ಅಷ್ಟೇ ಜಾಗ.

ಹೊಸ ಎಂಜಿನ್ನಿನಲ್ಲಿ ಗಾಳಿಯನ್ನು ಅಳೆಯುವ ಬಿಸಿ ತಂತಿಯ ಸೆನ್ಸರ್ ಇದ್ದರೆ ದಾರಿ ಇನ್ನೂ ಕಟ್ಟುನಿಟ್ಟು. ಸೆನ್ಸರ್ ಮುಂದೆ ಮತ್ತು ಹಿಂದೆ ಪೈಪು ನೇರವಾಗಿರಬೇಕು. ತಿರುವಿನ ಬಾಯಲ್ಲೇ ಇಟ್ಟರೆ ಗಾಳಿ ಒಂದು ಪಕ್ಕಕ್ಕೆ ವಾಲಿ ಅಳತೆ ತಪ್ಪುತ್ತದೆ. ಮೂಲ ಕಾರಿನ ಸೆನ್ಸರ್ ಇರುವ ಪೈಪಿನ ಒಳವ್ಯಾಸ ಬದಲಿಸಿದರೂ ಲೆಕ್ಕ ತಪ್ಪುತ್ತದೆ. ಎಂಜಿನ್ನಿನ ಬ್ರೀದರ್ ಪೈಪು ಸೇರಬೇಕಾದದ್ದು ಸೆನ್ಸರ್ ಮತ್ತು ಥ್ರಾಟಲ್ ನಡುವೆ. ಸೆನ್ಸರ್ ದಾಟಿದ ಮೇಲೆ ಎಲ್ಲಾದರೂ ಸಣ್ಣ ಸೀಳಿದ್ದರೆ, ಅಳತೆಗೆ ಸಿಗದ ಗಾಳಿ ಒಳನುಗ್ಗಿ ಪೆಟ್ರೋಲ್ ಕಡಿಮೆಬೀಳುತ್ತದೆ. ಎಣ್ಣೆ ಸವರಿದ ಹತ್ತಿ ಫಿಲ್ಟರ್ ಬಳಸುವವರು ಎಣ್ಣೆ ಹೆಚ್ಚು ಹಾಕಿದರೆ ಅದು ತಂತಿಗೆ ಅಂಟುತ್ತದೆ.

ಗಾಳಿಯ ದಾರಿಯ ಜೊತೆಗೆ ಶಾಖದ ದಾರಿಯನ್ನೂ ನೋಡಬೇಕು. ತೊಂಬತ್ತರ ದಶಕದಲ್ಲಿ ಎಂಜಿಬಿಯ ರೂಪದಲ್ಲೇ ಬಂದ ಎಂಜಿ ಆರ್‌ವಿ8 ಕಾರಿನಲ್ಲಿ ಎಕ್ಸಾಸ್ಟ್ ಕೊಳವೆಗಳನ್ನು ಒಳ ಮಡ್‌ಗಾರ್ಡ್ ಮೂಲಕ ಹೊರಕ್ಕೆ ಹಾಯಿಸಿದರು. ಈಗ ಎಂಜಿಬಿಗೆ ವಿ8 ಹಾಕುವವರಲ್ಲಿ ಅನೇಕರು ಅದನ್ನೇ ಅನುಸರಿಸುತ್ತಾರೆ, ಕಾರಣ ಬಾನೆಟ್ ಕೆಳಗಿನ ಶಾಖ ಅದರಿಂದ ತಗ್ಗುತ್ತದೆ. ಅಷ್ಟು ಕೆಲಸ ಮಾಡಲಾಗದವರು ಮ್ಯಾನಿಫೋಲ್ಡಿಗೂ ಗಾಳಿಯ ಪೈಪಿಗೂ ನಡುವೆ ಒಂದು ತಗಡಿನ ಮರೆ ನಿಲ್ಲಿಸಿದರೂ ಉಪಯೋಗವಿದೆ.

ಕಾಗದಪತ್ರದ ಮಾತನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರು ಕೊಟ್ಟ ವಿವರಗಳನ್ನು ಮನಬಂದಂತೆ ಬದಲಿಸಲು ಬಿಡುವುದಿಲ್ಲ. ಆರ್‌ಟಿಒ ಕಚೇರಿಯಲ್ಲಿ ಕೇಳಿ, ಅನುಮತಿ ಪಡೆದ ಮೇಲೆಯೇ ಎಂಜಿನ್ ಇಳಿಸಿ. 50 ವರ್ಷ ದಾಟಿದ ಕಾರಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಬೇಕೆಂದಿದ್ದರಂತೂ ಎಂಜಿನ್, ಚಾಸಿ, ಬಾಡಿಯಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಅಂಥ ಕಾರು ನಿಮ್ಮಲ್ಲಿದ್ದರೆ ಮೂಲ ಎಂಜಿನ್ನನ್ನೇ ಬೋರ್ ಮಾಡಿಸಿ ಉಳಿಸಿಕೊಳ್ಳಿ ಎಂಬುದು ನನ್ನ ಮನವಿ.

ಎಲ್ಲ ಮುಗಿದ ಮೇಲೆ ಡಿಜಿಟಲ್ ಥರ್ಮಾಮೀಟರಿನ ತಂತಿಯನ್ನು ಫಿಲ್ಟರ್ ಬಾಯಲ್ಲಿ ಇಳಿಬಿಟ್ಟು ಎರಡು ಕಡೆ ನೋಡಿ: ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡುವಾಗ, ಮತ್ತು ಟ್ರಾಫಿಕ್‌ನಲ್ಲಿ ಐದು ನಿಮಿಷ ನಿಂತ ಮೇಲೆ. ಹೆದ್ದಾರಿಯಲ್ಲಿ ಹೊರಗಿನ ತಾಪಮಾನಕ್ಕಿಂತ ಐದಾರು ಡಿಗ್ರಿಯೊಳಗಿದ್ದರೆ ಬಾಯಿ ಸರಿಯಾದ ಜಾಗದಲ್ಲಿದೆ. ನಿಂತಾಗ ಏರಿದ್ದು ಹೊರಟ ಮೇಲೆ ಒಂದೆರಡು ನಿಮಿಷದಲ್ಲಿ ಇಳಿಯಬೇಕು. ಇಳಿಯದಿದ್ದರೆ ಎಲ್ಲೋ ಸಂದಿ ಉಳಿದಿದೆ, ಬಿಸಿ ಗಾಳಿ ಅಲ್ಲಿಂದ ಸುತ್ತಿ ಬರುತ್ತಿದೆ. ಸಾವಿರ ಕಿಲೋಮೀಟರ್ ಆದ ಮೇಲೆ ಫಿಲ್ಟರ್ ಬಿಚ್ಚಿ, ಫಿಲ್ಟರಿನಿಂದ ಥ್ರಾಟಲ್ ಕಡೆಗಿನ ಪೈಪಿನ ಒಳಮೈಯನ್ನು ಬಿಳಿ ಬಟ್ಟೆಯಲ್ಲಿ ಒರೆಸಿ ನೋಡಿ. ಬಳ್ಳಾರಿ, ಕಲಬುರಗಿ ಕಡೆಯ ಧೂಳಿನಲ್ಲಿ ಓಡಿಸುವವರು ಇನ್ನೂ ಬೇಗ ನೋಡಬೇಕು. ಬಟ್ಟೆಗೆ ಕೆಮ್ಮಣ್ಣು ಹತ್ತಿದರೆ ಯಾವುದೋ ಕ್ಲ್ಯಾಂಪ್ ಸಡಿಲವಿದೆ ಅಥವಾ ಫಿಲ್ಟರ್ ತನ್ನ ಪೆಟ್ಟಿಗೆಯಲ್ಲಿ ಸರಿಯಾಗಿ ಕೂತಿಲ್ಲ. ಆ ಧೂಳು ಪಿಸ್ಟನ್ ರಿಂಗುಗಳನ್ನು ಸವೆಸುತ್ತಿರುತ್ತದೆ. ಕ್ಲ್ಯಾಂಪ್ ಬಿಗಿದು, ಫಿಲ್ಟರನ್ನು ಮತ್ತೆ ಕೂರಿಸಿ, ಒಳಮೈ ಪೂರ್ತಿ ಒರೆಸಿದ ಮೇಲೆಯೇ ಎಂಜಿನ್ ಮತ್ತೆ ಸ್ಟಾರ್ಟ್ ಮಾಡಿ.